ನ್ಯೂಕ್ಲಿಯಸ್ಸಿನ ಸುಳಿಯೂ ಅವರೆಕಾಳು ಸಾರೂ

ನನ್ನ ಕೆಲಸವೇನೆಂದು ಮಾವನಿಗೆ ತಿಳಿಸಲು ಅರ್ಧ ಗಂಟೆ ಸಾಕು ಎಂದುಕೊಂಡಿದ್ದೆ. ವರ್ಷಗಟ್ಟಲೆ ಪಾಠ ಮಾಡಿದ ಫಿಸಿಕ್ಸ್ ಮೇಷ್ಟ್ರಿಗೆ ಇದೊಂದು ಕಷ್ಟವೇ?

ತಿಳಿಸಲೇಬೇಕಾದ ಪರಿಸ್ಥಿತಿಯೂ ಬಂದಿತ್ತು. ನಾನು ಸಂಶೋಧನೆ ಮಾಡುತ್ತಿರುವುದು ಪರಮಾಣುವಿನ ನಡುವೆ ಕೂತಿರುವ ನ್ಯೂಕ್ಲಿಯಸ್ಸಿನ ಮೇಲೆ. ಮಂಡಕಳ್ಳಿಯ ಮಾವ ಅದನ್ನು 'ನಮ್ಮಳಿಯ ಅಣುಬಾಂಬು ಮಾಡ್ತಾರೆ' ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದರು. ಹೋದ ಸಲ ಅಲ್ಲಿಗೆ ಹೋದಾಗ ಒಬ್ಬರು ನನ್ನನ್ನು ಮರದ ಮರೆಗೆ ಕರೆದೊಯ್ದು, "ಸಾರ್, ಕಾಡಂದಿ ಕಾಟ ತಡ್ಯಕ್ಕಾಗ್ತಿಲ್ಲ. ಒಂದ್ ಸಣ್ಣದು ಇದ್ರೆ ಕೊಡಿ" ಎಂದರು. ಇದು ಪೊಲೀಸರ ಕಿವಿಗೆ ಬಿದ್ದರೆ ನನ್ನ ಗತಿಯೇನು!

ಒಂದು ಭಾನುವಾರ ಮಾವ ಸಿದ್ಧಾರ್ಥನಗರದ ನಮ್ಮ ಮನೆಗೆ ಬಂದರು. ಬಿಳಿ ಪಂಚೆ, ಬಿಳಿ ಅಂಗಿ, ಜೊತೆಗೊಂದು ಅಕ್ಕಿ ಮೂಟೆ. ಅಂದೇ ತಿಳಿಸಿಬಿಡುವುದೆಂದು ಪಣ ತೊಟ್ಟೆ.

"ಮಾವ, ನ್ಯೂಕ್ಲಿಯಸ್ ಅಂದ್ರೆ ಬಾಂಬಲ್ಲ. ಒಂದು ನೀರಿನ ಹನಿ ಇದ್ದ ಹಾಗೆ. ಅದರೊಳಗೆ ಸುಳಿ ಏಳುತ್ತೆ, ಅಲೆ ಓಡುತ್ತೆ."

"ಒದ್ದೆ ಬಾಂಬಾ?" ಎಂದರು ಮಾವ.

ಮಾತಿನಿಂದ ಆಗದು, ಪ್ರಯೋಗವೇ ಆಗಬೇಕು! ಮಜ್ಜಿಗೆ ಲೋಟದಲ್ಲಿ ಚಮಚ ತಿರುಗಿಸಿದೆ. ಸುಳಿ ಕಾಣುವ ಮೊದಲೇ ಮಾವ, "ಉಪ್ಪು ಕರಗ್ತು ಬುಡಿ" ಎಂದು ಗಟಗಟನೆ ಕುಡಿದುಬಿಟ್ಟರು.

ದೊಡ್ಡ ಪಾತ್ರೆ ಬೇಕಿತ್ತು. ಒಲೆಯಿಂದ ಇಳಿಸಿ ಆರಲಿಟ್ಟಿದ್ದ ಅವರೆಕಾಳು ಸಾರು ಕಣ್ಣಿಗೆ ಬಿತ್ತು. ಕೈಯಲ್ಲಿ ತಿರುಗಿಸಿದರೆ ವೇಗ ಸಾಲದು. ಪುಟ್ಟ ಕಡಗೋಲನ್ನು ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿದೆ.

"ರೀ, ಅದು ಊಟಕ್ಕೆ!" ನನ್ನ ಹೆಂಡತಿ ಸರಳಾ ಕೂಗಿದಳು.

"ವಿಜ್ಞಾನ ಕಣೇ!" ಎಂದು ಸ್ವಿಚ್ ಅದುಮಿದೆ.

ಸುಳಿ ಎದ್ದಿತು. ಪಾತ್ರೆ ಬಿಟ್ಟೂ ಎದ್ದಿತು! ಗೋಡೆ, ಫ್ಯಾನು, ಕ್ಯಾಲೆಂಡರು ಎಲ್ಲದಕ್ಕೂ ಸಾರು. ಮಾವನ ಪಂಚೆಯ ಮೇಲಂತೂ ಅವರೆಕಾಳು ಎಲ್ಲೂ ಜಾಗ ಬಿಡದೆ ಹಂಚಿಹೋಗಿತ್ತು.

ಬುದ್ಧಿ ಇದ್ದವರು ಇಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಅಲೆ ಬಾಕಿ ಇತ್ತಲ್ಲ!

ಸಾಮಾನ್ಯ ಅಲೆ ಹೋಗುತ್ತಾ ಹೋಗುತ್ತಾ ಚದುರಿ ಸತ್ತುಹೋಗುತ್ತದೆ. ಕೆಲವು ಅಲೆಗಳು ಮಾತ್ರ ಹಠಮಾರಿಗಳು. ಅವುಗಳ ಎತ್ತರದ ಭಾಗ ಮುಂದಕ್ಕೆ ನುಗ್ಗುವುದಕ್ಕೂ ಅಲೆ ಚದುರುವುದಕ್ಕೂ ಲೆಕ್ಕ ಸರಿಹೋಗಿ, ಅವು ಆಕಾರ ಕೆಡದೆ ಸಾಗುತ್ತವೆ. ನ್ಯೂಕ್ಲಿಯಸ್ಸಿನಲ್ಲೂ ಅಂಥ ಅಲೆ ಏಳಬಹುದೇ ಎಂಬುದೇ ನನ್ನ ಸಂಶೋಧನೆ. ಹೇಗಿದ್ದರೂ ಮನೆ ತೊಳೆಯಲೇಬೇಕಲ್ಲ ಎಂದು ವಾದಿಸಿ, ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಬಕೆಟ್ ನೀರನ್ನು ಒಂದೇ ಏಟಿಗೆ ಉದ್ದನೆಯ ಪ್ಯಾಸೇಜಿಗೆ ಸುರಿದೆ.

ಅದ್ಭುತ! ಅಲೆ ಚದುರಲಿಲ್ಲ, ಕುಗ್ಗಲಿಲ್ಲ. ಪ್ಯಾಸೇಜ್ ದಾಟಿ, ಹಾಲ್ ಹೊಕ್ಕು, ನೇರವಾಗಿ ಅಕ್ಕಿ ಮೂಟೆಯ ಬುಡಕ್ಕೆ ಹೋಗಿ ನಿಂತಿತು. ನನ್ನ ಜೀವಮಾನದಲ್ಲಿ ಯಶಸ್ವಿಯಾದ ಪ್ರಯೋಗ ಇದೊಂದೇ. ನಾನೂ ಸರಳಾಳೂ ಸೇರಿ ಮೂಟೆ ಎತ್ತಿ ಮೇಜಿನ ಮೇಲಿಟ್ಟೆವು.

ಮಾವ ನನ್ನ ಲುಂಗಿ ಸುತ್ತಿಕೊಂಡು ಹೊರಬಂದರು.

"ಈಗ ಅರ್ಥವಾಯ್ತಾ ಮಾವ?" ಆಸೆಯಿಂದ ಕೇಳಿದೆ.

"ಆಯ್ತು ಕಣ್ರೀ. ಸಾರು ತಿರುಗ್ಸೋದು, ನೀರು ಚೆಲ್ಲೋದು. ಅದಕ್ಕೆ ಸಂಬ್ಳ ಕೊಡ್ತಾರೆ." ಆಮೇಲೆ ಹತ್ತಿರ ಬಂದು ದನಿ ತಗ್ಗಿಸಿದರು. "ಅಳಿಯಂದ್ರೇ, ಊರಲ್ಲಿ ಬಾಂಬು ಅಂತ್ಲೇ ಇರ್ಲಿ ಬುಡಿ. ನಿಜ ಗೊತ್ತಾದ್ರೆ ನಮ್ ಮಗಳ ಮರ್ವಾದೆ ಹೋಯ್ತದೆ."

ಸರಳಾ ಒರೆಸುವ ಬಟ್ಟೆ ತಂದು ನನ್ನ ಕೈಗಿಟ್ಟಳು. ಮಂಡಕಳ್ಳಿಯ ಅಣುಬಾಂಬ್ ತಜ್ಞ ಮಂಡಿಯೂರಿ ಕೂತು ಹಾಲ್ ಒರೆಸತೊಡಗಿದ.