ಎರಡು ಈದಿಗೆ ಬರುವ ಸೈಕಲ್ಲು

ಕಪ್ಪತಗುಡ್ಡದ ನೆತ್ತಿಗೆ ಸೈಕಲ್ ಹತ್ತಿಸಿಯೇ ತೀರುತ್ತೇನೆಂದು ಬೆಟಗೇರಿಯ ಪಾತ್ರೆ ವ್ಯಾಪಾರಿ, ನಲವತ್ತು ದಾಟಿದ ಅಯ್ಯೂಬ ಚಹಾದಂಗಡಿಯ ಮುಂದೆ ಘೋಷಿಸಿಬಿಟ್ಟ. ಅದೂ ಎಂಥ ಸೈಕಲ್ಲು? ತಾನೇ ನಕ್ಷೆ ಬಿಡಿಸಿ, ತನ್ನ ಮೈಯಳತೆಗೇ ಮಾಡಿಸುವ ಟೈಟಾನಿಯಂ ಸೈಕಲ್ಲು!

"ಅಂಗಡ್ಯಾಗ ಸಿಗೂವು ಸಾಲೂದಿಲ್ಲೇನೋ?" ಎಂದ ಗೆಳೆಯ ಕೊಟ್ರೇಶ.

"ರಾಜಾ ರೆಡಿಮೇಡ್ ಕಿರೀಟ ಹಾಕ್ಕೊಂತಾನೇನ್ಲೇ?"

ಆ ಮಾತಿಗಾಗಿ, ಸೈಕಲ್ಲಿನ ದುಡ್ಡಿಗೆಂದು ಅಯ್ಯೂಬ ಮೋಟರ್‌ಸೈಕಲ್ಲನ್ನೇ ಮಾರಿದ. ಇನ್ನು ಸೈಕಲ್ಲು ಕೈಕೊಟ್ಟರೆ ದಿನಾ ಅಂಗಡಿಗೆ ನಡೆಯಬೇಕು, ದಾರಿಯುದ್ದಕ್ಕೂ ಕೊಟ್ರೇಶನ ನಗೆಯನ್ನೂ ಹೊರಬೇಕು!

ಹೆಂಡತಿ ಕೈನಾತಳ ಹೊಲಿಗೆಯ ಸೀಮೆಸುಣ್ಣ ಕದ್ದು ಅಂಗಳದ ತುಂಬ ಸೈಕಲ್ ಬರೆದ. ಮುಂದಿನ ಕೊಳವೆ ಒಂದಿಷ್ಟು ಓರೆಯಾದರೆ ಇಳಿಜಾರಿನಲ್ಲಿ ಮುಗ್ಗರಿಸುವುದಿಲ್ಲ. ಹಿಂದಿನ ಗಾಲಿ ಸೀಟಿನ ಹತ್ತಿರ ಸರಿದರೆ ಏರಿನಲ್ಲಿ ನೆಲ ಬಿಡುವುದಿಲ್ಲ. ಗೆರೆಯೊಂದು ಬೆರಳಗಲ ಸರಿದರೆ ಸೈಕಲ್ಲಿನ ಗುಣವೇ ಬೇರೆ! ನಾಲ್ಕು ಕೊಳವೆಗಳಲ್ಲಿ ಇಷ್ಟು ವಿದ್ಯೆ ಅಡಗಿದೆಯೇ ಎಂದು ಬರೆದವನಿಗೇ ಬೆರಗು.

ಉಳಿದದ್ದು ಮೈಯಳತೆ. ಅದಕ್ಕೆ ಮನೆಯಲ್ಲೇ ಟೇಲರ್! ಕೈನಾತ ಓಣಿಯ ಬೆಳೆಯುವ ಮಕ್ಕಳಿಗೆಲ್ಲ ಈದಿನ ಬಟ್ಟೆ ಹೊಲಿಯುವಾಕೆ, ಗಂಡನಿಗಿಂತ ಎತ್ತರ. ಅದಕ್ಕೇ ಮದುವೆಯ ಫೋಟೋದಲ್ಲಿ ಅವನು ನಿಂತಿದ್ದಾನೆ, ಅವಳು ಕೂತಿದ್ದಾಳೆ.

"ಉಸಿರು ಬಿಡ್ರಿ. ಎದಿ ಯಾಕ ಉಬ್ಬಿಸೀರಿ?"

"ಗುಡ್ಡ ಹತ್ತೋ ಎದಿ ಹಿಂಗ ಇರತೈತಿ!"

ಅವಳು ಕೈ, ಕಾಲು, ಬೆನ್ನು ಅಳೆದಳು. ಕಟ್ಟೆಯ ಮೇಲಿಂದ ಅಯ್ಯೂಬನ ತಾಯಿ ಸುಗ್ರಾಬಿ ಕೂಗಿದಳು: "ಬಿಗಿ ಮಾಡಬ್ಯಾಡ ಬೇಟಿ. ಎರಡು ಈದಿಗಾದ್ರೂ ಬರಬೇಕು!"

"ಹೂಂ ಅಮ್ಮಿ, ಬಿಟ್ಟೇನಿ."

ಅಯ್ಯೂಬ ಕೇಳಿಸಿಕೊಳ್ಳಲಿಲ್ಲ. ಕನ್ನಡಿಯಲ್ಲಿ ತನ್ನ ಎದೆ ನೋಡುತ್ತಿದ್ದ.

ಚೌಕಟ್ಟು ಮಾಡುವ ಬೆಂಗಳೂರಿನವರು ಫೋನಿನಲ್ಲಿ ಕೇಳಿದರು: "ಅಳತೆ ಸರಿಯಾಗಿದೆ ತಾನೆ? ಬೆಸೆದ ಮೇಲೆ ಏನೂ ಮಾಡೋಕಾಗಲ್ಲ."

"ಅಳದಾಕಿ ನನ್ನ ಹೆಂಡತಿ ಅದಾಳ್ರಿ. ಕಣ್ಣು ಮುಚ್ಚಿ ಬೆಸೀರಿ!"

ಪೆಟ್ಟಿಗೆ ಬಂತು. ಬಿಚ್ಚಿದರೆ ಮನೆಗೆ ಮನೆಯೇ ಬಗ್ಗಿ ನೋಡಿತು. ಬೂದಿಬಣ್ಣದ ಮೆತ್ತನೆಯ ಹೊಳಪು. ಮೀನಿನ ಪರೆ ಜೋಡಿಸಿದಂಥ ಬೆಸುಗೆ. ಹುಟ್ಟಿದಾಗಿನಿಂದ ತಾಮ್ರ, ಹಿತ್ತಾಳೆ ಎತ್ತಿದ ಅಯ್ಯೂಬ ಅದೇ ಅಂದಾಜಿನಲ್ಲಿ ಎತ್ತಿದ. ಚೌಕಟ್ಟು ಸೀದಾ ತಲೆಯ ಮೇಲೆ ಹೋಯಿತು!

"ಯಾ ಅಲ್ಲಾ! ಗಾಳಿ ಹಿಡದು ಮಾಡ್ಯಾರೇನು?" ಎಂದಳು ಸುಗ್ರಾಬಿ.

ಕೈನಾತ ಬೆಸುಗೆಯ ಮೇಲೆ ಬೆರಳಾಡಿಸಿ ಪಿಸುಗುಟ್ಟಿದಳು: "ಎಂಥಾ ಹೊಲಿಗಿರೀ ಇದು!"

ಮೊದಲ ಸವಾರಿ ಗುಡ್ಡದಲ್ಲೇ ಎಂದು ಅಯ್ಯೂಬನ ಹಟ. ಗಾಲಿ ಜೋಡಿಸಿ, ಕೊಟ್ರೇಶನ ಟೆಂಪೋದಲ್ಲಿ ಸೈಕಲ್ಲು, ತಾಯಿ, ಹೆಂಡತಿ, ಬುತ್ತಿ ಎಲ್ಲವನ್ನೂ ಹೇರಿಕೊಂಡು ಬುಡಕ್ಕೆ ಹೋದ. 'ಬಿಸ್ಮಿಲ್ಲಾ' ಎಂದು ಏರಿದ. ಏರಿದನೆಲ್ಲಿ, ನೇತಾಡಿದ! ಸೀಟು ಪೂರಾ ತಗ್ಗಿಸಿದರೂ ಒಂದು ಕಾಲು ಪೆಡಲಿಗೆ ತಾಕಿದರೆ ಇನ್ನೊಂದು ಗಾಳಿಗೆ. ಹ್ಯಾಂಡಲ್ಲು ಮುಂಡರಗಿಯಲ್ಲಿದ್ದಷ್ಟು ದೂರ! ಹತ್ತು ಮಾರು ಹೋಗುವುದರಲ್ಲಿ ಕಿರೀಟಾಧಿಪತಿ ಮುಳ್ಳುಕಂಟಿಯಲ್ಲಿದ್ದ.

"ಕೈನಾತಾ! ಏನು ಅಳತಿ ಕೊಟ್ಟಿ ನೀ?"

"ಸರಿಯಾದ್ದ ಕೊಟ್ಟೇನ್ರಿ. ಎಲ್ಲಾದಕ್ಕೂ ಎರಡೆರಡು ಇಂಚು ಜಾಸ್ತಿ ಬಿಟ್ಟೇನಿ, ಅಷ್ಟ."

"ಯಾಕ? ಟೈಟಾನಿಯಂ ತೊಳದ್ರ ಸಣ್ಣದಾಕ್ಕೈತೇನು?"

"ಕೈ ಕೇಳಬೇಕಲ್ರೀ! ಬೆಳಿಯೋ ಹುಡುಗರ ಅಂಗಿಗೆ ಬಿಟ್ಟು ಬಿಟ್ಟು ರೂಢಿ ಆಗೇತಿ. ಅದರ ಮ್ಯಾಲೆ ನಿಮ್ಮ ಎದಿ ಬ್ಯಾರೆ ಉಬ್ಬಿತ್ತು."

"ಹಂಗಾರ ಬಿಚ್ಚಿ ಹೊಲಿ ಈಗ!"

"ಎಲ್ಲೆ ಬಿಚ್ಚಲಿ? ದಾರಾನ ಇಲ್ಲ!"

ಕೊಟ್ರೇಶ ನಗಲು ಬಾಯಿ ತೆರೆದ. ಅಷ್ಟರಲ್ಲಿ ಕೈನಾತ ದುಪಟ್ಟಾ ಸೊಂಟಕ್ಕೆ ಬಿಗಿದಳು. ತವರೂರು ಕಳಸಾಪುರದಿಂದ ಗದಗಿನ ಶಾಲೆಗೆ ಎದುರುಗಾಳಿಯಲ್ಲಿ ಸೈಕಲ್ ತುಳಿದ ಕಾಲುಗಳವು. ಹತ್ತಿ ಕೂತಳು. ಕಾಲಿಗೆ ಪೆಡಲು, ಕೈಗೆ ಹ್ಯಾಂಡಲ್ಲು, ನೂಲಿನಷ್ಟೂ ಹೆಚ್ಚುಕಡಿಮೆಯಿಲ್ಲ!

ಸೈಕಲ್ಲು ಹೊರಟಿತು. ಕಲ್ಲಿನ ಮೇಲೆ ಜಿಗಿಯಿತು, ತಿರುವಿನಲ್ಲಿ ಬಳುಕಿತು, ಕಡಿದಾದ ಏರಿನಲ್ಲೂ ಹಿಂದಿನ ಗಾಲಿ ನೆಲ ಬಿಡಲಿಲ್ಲ. ಅಂಗಳದಲ್ಲಿ ತಾನೆಳೆದ ಸುಣ್ಣದ ಗೆರೆಗಳು ನೆತ್ತಿಯ ಗಾಳಿಯಂತ್ರಗಳ ಸಾಲಿನತ್ತ ಜೀವ ಬಂದು ಏರುತ್ತಿವೆ! ಅಯ್ಯೂಬ ಮೈಗೆ ಚುಚ್ಚಿದ ಮುಳ್ಳು ಮರೆತ. ಕೊಟ್ರೇಶನ ಬಾಯಿ ತೆರೆದೇ ಇತ್ತು, ನಗೆ ಮಾತ್ರ ಬರಲಿಲ್ಲ.

ನೆತ್ತಿಯಿಂದ ದನಿ ತೇಲಿಬಂತು: "ರೀ! ನಿಮ್ಮ ನಕ್ಷಾ ಭಾಳ ಚಲೋ ಐತ್ರೀ!"

"ಸೈಕಲ್ ಹತ್ತಿತು, ನಿನ್ನ ಮಾತು ಉಳೀತು ಬಿಡೋ," ಎಂದ ಕೊಟ್ರೇಶ. "ಕೆಳಗ ಉಳದಾಂವ ನೀ ಒಬ್ಬನ."

ಸುಗ್ರಾಬಿ ಮಗನ ಬೆನ್ನಿನ ಮುಳ್ಳು ಕೀಳುತ್ತ ಸಮಾಧಾನ ಹೇಳಿದಳು:

"ಮಾರಿ ಸಣ್ಣ ಮಾಡಬ್ಯಾಡ ಬೇಟಾ. ಎರಡು ಈದ್ ಹೋಗ್ಲಿ, ನಿನಗೂ ಬರೋಬ್ಬರಿ ಆಕ್ಕೈತಿ."