ಬರಣಿಯ ನಾಗಪ್ಪನಿಗೆ ಇಪ್ಪತ್ತೈದು ಪಾಲು

ಗಾಜಿನ ಬರಣಿಯೊಳಗೊಂದು ಪುಟ್ಟ ಕಾಡು ಮಾಡುವುದರಲ್ಲಿ ಹೆದರುವಂಥದ್ದು ಏನಿದೆ ಎಂದು ನಾನು ತಿಳಿದಿದ್ದೆ. ಮದುವೆಯಾಗಿ ತೆಲುಗು ಸೀಮೆಯ ಮಲ್ಕಾಜ್‌ಗಿರಿಗೆ ಬಂದ ಇಪ್ಪತ್ತಾರು ವರ್ಷಗಳಲ್ಲಿ ಬಾಲ್ಕನಿಯ ತುಳಸಿಯನ್ನು ಒಮ್ಮೆಯೂ ಒಣಗಗೊಟ್ಟವಳಲ್ಲ. ಅಷ್ಟು ದೊಡ್ಡ ಕುಂಡ ಸಂಭಾಳಿಸಿದವಳಿಗೆ ಮೊಳದುದ್ದದ ಬರಣಿ ಯಾವ ಲೆಕ್ಕ?

ಬರಣಿ ನನ್ನದಲ್ಲ, ಮಗಳು ಅನುವಿನದು. ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದುತ್ತಾಳೆ. ಬರಣಿಯಲ್ಲಿ ಮಣ್ಣು ಹಾಕಿ, ಸಣ್ಣ ಗಿಡ ನೆಟ್ಟು, ನಾಲ್ಕು ಹುಳ ಬಿಟ್ಟು ಮುಚ್ಚಳ ಹಾಕಬೇಕು. ಆಮೇಲೆ ಅದು ತನ್ನಷ್ಟಕ್ಕೆ ತಾನು ಬದುಕಬೇಕು. ಅದನ್ನು ಸೋಮವಾರ ಕಾಲೇಜಿನಲ್ಲಿ ತೋರಿಸಿದರೆ ಮಾರ್ಕು. ಗುರುವಾರ ಮುಂಜಾನೆ ಅವಳು ಕಾಲೇಜಿನವರ ಜೊತೆ ಪ್ರವಾಸ ಹೊರಟಳು. ಹೊರಡುವಾಗ ಖಾಲಿ ಬರಣಿಯನ್ನೂ ಒಂದು ಚೀಟಿಯನ್ನೂ ನನ್ನ ಕೈಗಿಟ್ಟಳು.

"ಅವ್ವಾ, ಮಣ್ಣು, ಗಿಡ ಎಲ್ಲಾ ನೀನ ಆರಿಸಿ ಹಾಕು. ಐತವಾರ ಸಂಜಿಗೆ ಬರ್ತೀನಿ, ಹುಳ ನಾ ತರ್ತೀನಿ. ನಿನ್ನ ಮ್ಯಾಲ ಬಿಟ್ಟೀನಿ ನೋಡು."

ಈ ಮಾತು ಎಷ್ಟು ದೊಡ್ಡದೆಂದು ನನಗೆ ಮಾತ್ರ ಗೊತ್ತು. ಹೋದ ಪರೀಕ್ಷೆಗೆ ಅವಳು ಬ್ರೆಡ್ಡಿನ ಮೇಲೆ ಬೂಷ್ಟು ಬೆಳೆಸಿದ್ದಳು. ನಾನು ಹಳಸಿದ ಬ್ರೆಡ್ಡೆಂದು ಕಸಕ್ಕೆ ಹಾಕಿ, ತಟ್ಟೆಯನ್ನು ಲಿಂಬೆಹುಳಿಯಿಂದ ತಿಕ್ಕಿ ತೊಳೆದು, ಬಿಸಿಲಿಗೂ ಇಟ್ಟಿದ್ದೆ. ಅಂದಿನಿಂದ ಅವಳ ಮೇಜಿನ ಮೇಲಿನ ಒಂದು ವಸ್ತುವನ್ನೂ ಮುಟ್ಟುವ ಅಧಿಕಾರ ನನಗಿಲ್ಲ. ಈಗ ಆ ಮಗಳೇ ಬರಣಿ ಒಪ್ಪಿಸಿ ಹೋಗಿದ್ದಾಳೆ. ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಇದೂ ಕೆಟ್ಟರೆ ಅವಳು ಈ ಜನ್ಮದಲ್ಲಿ ನನ್ನನ್ನು ನಂಬುವುದಿಲ್ಲ ಎಂಬ ಭಯವೂ ದೀಪದ ಜೊತೆಗೇ ಹತ್ತಿಕೊಂಡಿತು.

ಚೀಟಿ ಓದಿದೆ. ತಳಕ್ಕೆ ಎರಡು ಬೆರಳು ಎತ್ತರ ಸಣ್ಣ ಕಲ್ಲು, ನೀರು ಬಸಿಯಲು. ಅದರ ಮೇಲೆ ಇದ್ದಿಲು, ವಾಸನೆ ಬಾರದಿರಲು. ಆಮೇಲೆ ಜಾಳಿಗೆ. ಅದರ ಮೇಲೆ ತೆಂಗಿನ ನಾರಿನ ಪುಡಿ, ಮರಳು, ಉದುರಿದ ಎಲೆ. ಗಿಡಗಳೆಂದರೆ ಪಾಚಿ, ಸಣ್ಣ ಜರಿಗಿಡ, ನೆರಳಲ್ಲಿ ಬೆಳೆಯುವ ಬಳ್ಳಿ.

ಇದನ್ನೆಲ್ಲ ನರ್ಸರಿಯಿಂದ ತರಬೇಕಂತೆ. ಬಚ್ಚಲದ ಪಾಚಿ ತಿಕ್ಕಿ ತಿಕ್ಕಿ ನನ್ನ ಸೊಂಟ ಹೋಗಿದೆ. ಈಗ ಪಾಚಿಯನ್ನು ಕೊಂಡು ತರುವುದೇ? ಉದುರಿದ ಎಲೆ ದಿನಾ ಬೆಳಿಗ್ಗೆ ಗುಡಿಸಿ ಚೆಲ್ಲುತ್ತೇನೆ. ಮಕ್ಕಳಿಗೆ ಓದು ಬಂದಿದೆ, ಅನುಭವ ಬಂದಿಲ್ಲ ಎಂದುಕೊಂಡು ನಾನು ಚೀಟಿಯನ್ನು ತಿದ್ದಿದೆ.

ತಳಕ್ಕೆ ಐದೇ ಕಲ್ಲು ಇಟ್ಟೆ, ಬೆಸ ಸಂಖ್ಯೆ ಶುಭ. ಇದ್ದಿಲಿನ ಬದಲು ಧೂಪಾರತಿಯಲ್ಲಿ ಉಳಿದಿದ್ದ ಕೆಂಡದ ಚೂರು, ಲೋಬಾನದ ಬೂದಿ ಸಮೇತ. ಜಾಳಿಗೆಯ ಬದಲು ಮಡಿಪಂಚೆಯ ದಪ್ಪನೆಯ ತುಂಡು. ಮಣ್ಣಿನ ಪ್ರಶ್ನೆ ಬಂದಾಗ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ನಾಗರಪಂಚಮಿ ಮುಗಿದು ನಾಲ್ಕು ದಿನವಾಗಿತ್ತು. ಪೂಜೆಗೆ ತಂದ ಹುತ್ತದ ಮಣ್ಣು ಒಂದು ಬುಟ್ಟಿ ಉಳಿದಿತ್ತು. ಪೂಜೆಯ ಮಣ್ಣನ್ನು ಕಾಲು ತುಳಿಯುವಲ್ಲಿ ಚೆಲ್ಲುವಂತಿಲ್ಲ. ಅರ್ಧ ಅದು, ಅರ್ಧ ತುಳಸಿ ಕುಂಡದ ಮಣ್ಣು ಕಲಸಿ ತುಂಬಿದೆ. ತುಳಸಿಯ ಒಂದು ಸಸಿ, ಒಂದು ಹಿಡಿ ಗರಿಕೆ, ಒಂದು ದೊಡ್ಡಪತ್ರೆ ನೆಟ್ಟೆ. ಎರಡು ತಂಬಿಗೆ ನೀರು ಹಾಕಿ ಬಿಗಿಯಾಗಿ ಮುಚ್ಚಿದೆ. ಸಾಕ್ಷಾತ್ ತಪೋವನ!

ಶುಕ್ರವಾರ ಸಂಜೆಗೆ ತಪೋವನದ ತುಳಸಿ ಕಪ್ಪಾಯಿತು. ದೊಡ್ಡಪತ್ರೆ ಬೇಯಿಸಿದ ಸೊಪ್ಪಿನಂತೆ ಮಲಗಿತು. ತುಳಸಿ ಬಾಡಿದರೆ ಮನೆಯ ಯಜಮಾನರಿಗೆ ಕೇಡು ಎಂದು ನಮ್ಮ ಕಡೆ ನಂಬುತ್ತಾರೆ. ನಮ್ಮ ಯಜಮಾನರು ರೈಲ್ವೆ ಗಾರ್ಡು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ರಾಯಚೂರಿನ ಕಡೆ ಎಲ್ಲೋ ಇದ್ದರು. ಫೋನು ಹತ್ತಲಿಲ್ಲ. ಏಳನೆಯ ಸಲ ಎತ್ತಿದರು.

"ಏನs ಆಗೇತಿ? ಮನಿ ಸುಟ್ಟೈತೇನು?"

"ಇಲ್ರಿ. ನೀವು ಆರಾಮ ಅದೀರಿಲ್ರಿ?"

"ಚಾ ಕುಡಿಯಾಕತ್ತಿದ್ದೆ. ಈಗ ಅದು ಅಂಗಿ ಮ್ಯಾಲ ಬಿತ್ತು."

ಕೇಡು ಅಂಗಿಯ ಮೇಲೆ ಹೋಯಿತು. ದೇವರು ದೊಡ್ಡವನು.

ಶನಿವಾರ ಮುಂಜಾನೆ ಯಜಮಾನರು ಮನೆಗೆ ಬಂದು ಸ್ನಾನ ಮಾಡಿದರು. ನಾನು ಸತ್ತ ತುಳಸಿಯನ್ನು ತೆಗೆಯಲೆಂದು ಬರಣಿಯನ್ನು ಹತ್ತಿರಕ್ಕೆ ಎಳೆದೆ. ಗಾಜಿಗೆ ಒತ್ತಿಕೊಂಡು ಕರಿದಾರದಂಥದೊಂದು ಹರಿಯಿತು. ಎರೆಹುಳ ಎಂದುಕೊಂಡೆ. ಅಷ್ಟರಲ್ಲಿ ಅದು ನಿಂತು, ಸೂಜಿಮೊನೆಯಂಥ ನಾಲಿಗೆ ಹೊರಗೆ ಹಾಕಿ ಒಳಗೆ ಎಳೆದುಕೊಂಡಿತು.

"ರೀ," ಎಂದೆ. "ಹುತ್ತದ ಮಣ್ಣಿನ್ಯಾಗ ನಾಗಪ್ಪ ಬಂದಾನ್ರಿ."

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮೂವತ್ತು ವರ್ಷ ಗಾಡಿಯ ತುದಿಯಲ್ಲಿ ಒಬ್ಬರೇ ಕೂತು ಅಡವಿ ದಾಟಿದ ಆ ಮನುಷ್ಯ ಮರುಕ್ಷಣ ದಿವಾನದ ಮೇಲೆ ನಿಂತಿದ್ದರು.

"ಮರಿ ಐತಿ," ಎಂದರು ಮೇಲಿನಿಂದ. "ಇದರ ಅವ್ವ ಎಲ್ಲೈತಿ?"

ಆ ಪ್ರಶ್ನೆಗೆ ನಾನೂ ದಿವಾನ ಹತ್ತಿದೆ.

ಹಾವನ್ನು ಕೊಲ್ಲುವ ಮಾತೇ ಇಲ್ಲ. ಪಂಚಮಿಯ ಮಣ್ಣಿನಿಂದ ಬಂದವನು. ಹೊರಗೆ ಹಾಕೋಣವೆಂದರೆ ಮುಟ್ಟುವವರು ಯಾರು? ಎಲ್ಲಕ್ಕಿಂತ ಹೆಚ್ಚಾಗಿ, ಮುಚ್ಚಳದೊಳಗೆ ಅವನನ್ನು ಬಂಧಿಸಿಟ್ಟವಳು ನಾನೇ. ಮದುವೆಗೆ ಬಂದ ಮಗಳ ಮೇಲೆ ನಾಗದೋಷ, ಮಗಳ ಬರಣಿಯಿಂದಲೇ! ಇಂಥ ಹೊತ್ತಿನಲ್ಲಿ ಹೆಣ್ಣುಮಗಳಿಗೆ ತಿಳಿದಿರುವ ಪರಿಹಾರ ಒಂದೇ. ಒಲೆಯ ಮೇಲಿನ ಹಾಲು ಆರಿಸಿ ತಂದೆ. ಮುಚ್ಚಳ ತೆಗೆದು, ತೋಳು ಚಾಚಿ ಚಮಚದಿಂದ ಎರೆದೆ.

ಪಂಚಮಿಯಲ್ಲಿ ನಾಗಪ್ಪನಿಗೆ ಹಾಲು ಎರೆಯುವಾಗ ಮನೆಯ ಪ್ರತಿಯೊಬ್ಬರ ಹೆಸರು ಹೇಳಿ ಒಂದೊಂದು ಪಾಲು ಹಾಕುವುದು ನಮ್ಮ ಪದ್ಧತಿ. ಶುರುಮಾಡಿದ ಮೇಲೆ ಯಾರನ್ನೂ ಬಿಡುವಂತಿಲ್ಲ.

"ದೇವರ ಪಾಲು. ಗುರುವಿನ ಪಾಲು. ಮಾವನವರ ಪಾಲು. ಅತ್ತಿಯವರ ಪಾಲು. ನಿಮ್ಮ ಪಾಲು. ಅನೂನ ಪಾಲು..."

ಹದಿನಾಲ್ಕಕ್ಕೆ ನಿಲ್ಲಿಸಿದೆ.

"ನಮ್ಮಣ್ಣನ ಪಾಲು ಬಿಟ್ಟಿ," ಎಂದರು ದಿವಾನದಿಂದ.

"ಅವರು ನಮ್ಮ ಜೋಡಿ ಮಾತ ಬಿಟ್ಟಾರಲ್ರಿ."

"ನಮ್ಮ ಜೋಡಿ ಬಿಟ್ಟಾನ. ನಾಗಪ್ಪನ ಜೋಡಿ ಏನ ಜಗಳ ಐತಿ ಅವಂಗ?"

ಅಣ್ಣ, ಅಣ್ಣನ ಹೆಂಡತಿ, ಮಕ್ಕಳು, ಸೊಸೆ ಎಲ್ಲರ ಪಾಲೂ ಬಿತ್ತು. ಇಪ್ಪತ್ತೊಂದಾಯಿತು. ನಮ್ಮ ಗದ್ದಲ ಕೇಳಿ ಎದುರುಮನೆಯ ಸುಜಾತಾ ಬಂದಳು. ತೆಲುಗಿನವಳು, ನನ್ನನ್ನು ವದಿನಾ, ಅಂದರೆ ಅತ್ತಿಗೆ, ಎಂದು ಕರೆಯುತ್ತಾಳೆ. ಓಡಿಹೋಗುತ್ತಾಳೆಂದು ತಿಳಿದಿದ್ದೆ. ಅವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದಳು.

"ವದಿನಾ, ಹೆಂಗೂ ಹಾಕ್ತಿದ್ದೀರಿ, ನಮ್ಮ ಮನೆಯ ನಾಲ್ಕೂ ಹಾಕಿಬಿಡಿ," ಎಂದು ತೆಲುಗಿನಲ್ಲಿ ಬೇಡಿಕೊಂಡಳು.

ನೆರೆಹೊರೆಯವರಿಗೆ ಇಲ್ಲವೆನ್ನಲಾದೀತೆ? ಇಪ್ಪತ್ತೈದಾಯಿತು.

ಐದು ಕಲ್ಲಿನ ತಳ. ಅದರ ಮೇಲೆ ದಪ್ಪ ಪಂಚೆ. ಮೇಲೆ ಹುತ್ತದ ಜಿಗುಟು ಮಣ್ಣು. ಹಾಲು ಕೆಳಗೆ ಇಳಿಯಲು ದಾರಿಯೇ ಇರಲಿಲ್ಲ. ಗರಿಕೆಯ ಸೊಂಟದವರೆಗೆ ಬೆಳ್ಳಗೆ ನಿಂತಿತು. ಮಣ್ಣೊಳಗಿನ ನಾಗಪ್ಪ ಉಸಿರಿಗಾಗಿ ಮೇಲೆ ಬಂದ. ಹಾಲಿನ ಮೇಲೆ ಒಂದು ಸುತ್ತು ಹೊಡೆದ. ಆಮೇಲೆ ಸುಮ್ಮನಾದ.

"ವದಿನಾ," ಎಂದಳು ಸುಜಾತಾ ಪಿಸುದನಿಯಲ್ಲಿ, "ಮುಳುಗ್ತಿದ್ದಾನೆ."

ಲೋಕದಲ್ಲಿ ಹಾವನ್ನು ಕೋಲಿನಿಂದ ಕೊಂದವರಿದ್ದಾರೆ. ಇಪ್ಪತ್ತೈದು ಜನರ ಹೆಸರು ಹೇಳಿ ಹಾಲಿನಲ್ಲಿ ಮುಳುಗಿಸಿದವಳು ನಾನೊಬ್ಬಳೇ ಆಗುತ್ತಿದ್ದೆ. ಅದರಲ್ಲಿ ನಾಲ್ಕು ಹೆಸರು ಪರರ ಮನೆಯವು.

ಭಯಕ್ಕಿಂತ ದೊಡ್ಡ ಭಯ ಬಂದರೆ ಸಣ್ಣ ಭಯ ಜಾಗ ಬಿಡುತ್ತದೆ. ಚಹಾ ಸೋಸುವ ಜರಡಿಯನ್ನು ಬರಣಿಗೆ ಇಳಿಸಿದೆ. ಮೊದಲ ಸಲ ದೊಡ್ಡಪತ್ರೆ ಬಂತು. ಎರಡನೆಯ ಸಲ ಗರಿಕೆಯ ಎಸಳು. ಮೂರನೆಯ ಸಲ ಅವನು ಬಂದ, ಜರಡಿಯ ನಡುವೆ ಜೋತುಬಿದ್ದ ದಾರದ ಹಾಗೆ. ಶಿವಶಿವಾ ಎನ್ನುತ್ತ ಬಾಲ್ಕನಿಗೆ ಓಡಿ ತುಳಸಿ ಕುಂಡದ ಬುಡದಲ್ಲಿ ಜರಡಿ ಬೋರಲು ಹಾಕಿದೆ. ಮೂವರೂ ಉಸಿರು ಬಿಗಿಹಿಡಿದೆವು. ಅವನು ಒಮ್ಮೆ ಮಿಸುಕಿ, ಮಣ್ಣಿನೊಳಗೆ ಸರ್ರನೆ ಇಳಿದುಹೋದ.

ಬದುಕಿದ. ಆ ದಿನ ನಾನು ದೇವರಿಗೆ ಬೇರೇನೂ ಕೇಳಲಿಲ್ಲ.

ಆದರೆ ಬರಣಿಯ ಚಿಂತೆ ಉಳಿಯಿತಲ್ಲ. ಸುದ್ದಿಪೇಪರ್ ಸುರುಳಿ ಮಾಡಿ ಹಾಲು ಹೀರಿಸಿದೆ. ಪೇಪರು ಒಳಗೇ ಹರಿದು ಉಳಿಯಿತು. ಬಿಸಿಲಿಗೆ ಇಟ್ಟೆ, ಹಾಲು ಒಡೆಯಿತು. ಉದಿನಕಡ್ಡಿ ಹಚ್ಚಿದೆ, ಒಡೆದ ಹಾಲಿಗೆ ಮಲ್ಲಿಗೆಯ ವಾಸನೆ ಸೇರಿಕೊಂಡಿತು. ಐತವಾರ ನರ್ಸರಿಗೆ ಓಡಿದರೆ ಬಾಗಿಲು ಹಾಕಿತ್ತು. ಮಗಳ ಮಾರ್ಕು ಹೋಯಿತು, ಅದಕ್ಕಿಂತ ಹೆಚ್ಚಾಗಿ ಮಗಳು ಹೋದಳು ಎಂದುಕೊಂಡು ಸೆರಗಿನಲ್ಲಿ ಕಣ್ಣು ಒರೆಸುತ್ತ ಬಾಗಿಲ ಬಳಿ ಕೂತೆ.

ಸಂಜೆ ಅನು ಬಂದಳು. ಬ್ಯಾಗು ಇಳಿಸುವ ಮೊದಲೇ ಮೂಗು ಅರಳಿಸಿದಳು.

"ಅವ್ವಾ, ಯಾರರ ಗಿಣ್ಣ ಮಾಡಾಕತ್ತಾರೇನು?"

ನಾನು ಅತ್ತುಬಿಟ್ಟೆ. ಐದು ಕಲ್ಲಿನಿಂದ ಹಿಡಿದು ಇಪ್ಪತ್ತೈದು ಪಾಲಿನವರೆಗೆ ಎಲ್ಲ ಒಪ್ಪಿಸಿದೆ. ಅವಳು ಕೇಳುತ್ತಾ ಕೇಳುತ್ತಾ ನೆಲಕ್ಕೆ ಕೂತಳು. ಸಿಟ್ಟೆಂದುಕೊಂಡೆ, ನಗುತ್ತಿದ್ದಳು.

"ಅದು ಹುತ್ತದಿಂದ ಬಂದಿದ್ದಲ್ಲವ್ವಾ. ಕುಂಡದಾಗಿನ ಹಾವು. ಇರುವಿ ತತ್ತಿ ತಿಂದು ಇರ್ತೈತಿ, ಅದಕ್ಕ ಸರಿಯಾಗಿ ಕಣ್ಣೂ ಕಾಣಂಗಿಲ್ಲ, ಕಚ್ಚಂಗೂ ಇಲ್ಲ. ದೊಡ್ಡದಾದ್ರೂ ಅಷ್ಟ. ದಿನಾ ಮುಂಜಾನಿ ತುಳಸಿಗೆ ಸುತ್ತ ಹಾಕ್ತಿದ್ದಿಯಲ್ಲ, ಅದಕ್ಕೂ ಹಾಕಾಕತ್ತಿದ್ದಿ."

"ಅದಿರಲಿ. ನಾಳಿ ಕಾಲೇಜಿಗೆ ಏನ ಒಯ್ತೀಯವಾ?" ಎಂದೆ.

ಅವಳು ಅಪ್ಪನ ಮುಖ ನೋಡಿದಳು. ಅವರು ಸೂರು ನೋಡಿದರು.

"ಅವ್ವಾ, ನಾಕ ದಿನದಾಗ ಯಾವ ಕಾಡು ಬೆಳೀತೈತಿ ಹೇಳು? ನನ್ನ ಬರಣಿ ಮಾಡಿ ಮೂರು ವಾರ ಆತು. ನೀ ಅದಕ್ಕ ಕೈ ಹಚ್ಚಬಾರ್ದಂತ ಇದೊಂದು ಖಾಲಿ ಬರಣಿ ಕೊಟ್ಟು ಹೋಗಿದ್ದೆ. ಸಿಟ್ಟಾಗಬ್ಯಾಡ."

ಸ್ಟೂಲು ಹತ್ತಿ, ನನ್ನದೇ ಕೋಣೆಯ ಕಪಾಟಿನ ಮೇಲೆ, ಬೆಳಕಿಂಡಿಯ ಪಕ್ಕದಿಂದ ಒಂದು ಬರಣಿ ಇಳಿಸಿದಳು. ಒಳಗೆ ಹಸಿರು ಪಾಚಿ, ಬೆರಳುದ್ದದ ಜರಿಗಿಡ, ಗಾಜಿನ ಮೇಲೆ ಸಣ್ಣ ಸಣ್ಣ ಹನಿ. ನೋಡಿದರೆ ಕಣ್ಣು ತಣ್ಣಗಾಗಬೇಕು.

"ಮೂರು ವಾರ ನನ್ನ ಕೋಣೆಯಾಗs ಇಟ್ಟಿಯಾ? ನಾ ನೋಡಿದ್ರ ಏನ ಮಾಡ್ತಿದ್ದಿ?"

"ಕಪಾಟಿನ ಮ್ಯಾಲ ನೀ ಎಂದೂ ಧೂಳ ಹೊಡಿಯಂಗಿಲ್ಲವ್ವಾ. ಮನಿಯಾಗ ಅದಕ್ಕಿಂತ ಸುರಕ್ಷಿತ ಜಾಗ ಇಲ್ಲ."

ಯಜಮಾನರು ಕೆಮ್ಮಿದರು. ನಾನು ದೇವರ ಕೋಣೆಗೆ ಹೋಗಿ ದೀಪ ಹಚ್ಚಿ ಕೈಮುಗಿದೆ. ನನ್ನ ಭಕ್ತಿ ಕೆಡಿಸುತ್ತಿದ್ದುದನ್ನು ನನ್ನ ಸೋಮಾರಿತನದ ಮೂಲಕವೇ ಕಾಪಾಡಿದ ಭಗವಂತನ ಕರುಣೆ ಸಣ್ಣದಲ್ಲ.