ಒಂದು ಹನಿ ಸೋರದ ದೋಣಿ

ಭಾನುವಾರ ಬೆಳಿಗ್ಗೆ ಅಮರೇಶಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತು ತಾಮ್ರದ ಕೊಡ ತಿಕ್ಕುತ್ತಿದ್ದ. ಹುಣಸೆಹಣ್ಣು ಹಚ್ಚುವುದು, ತಿಕ್ಕುವುದು, ಕೊಡ ತಿರುಗಿಸುವುದು. ಹೆಂಡತಿ ಶೋಭಾ ಎರಡು ಸಲ ಬಂದು ನೋಡಿ ಹೋದಳು. ಕೊಡ ಆಗಲೇ ಮದುಮಗಳ ಮುಖದಂತೆ ಹೊಳೆಯುತ್ತಿತ್ತು. ಆದರೂ ಅವನು ತಿಕ್ಕುವುದನ್ನು ಬಿಟ್ಟಿರಲಿಲ್ಲ. ಕೈ ಕೊಡದ ಮೇಲಿದ್ದರೂ ಕಿವಿ ಗೋಡೆ ಹಾರಿ ಪಕ್ಕದ ಮನೆಯ ಹಿತ್ತಲಲ್ಲಿ ಕೂತಿತ್ತು.

ಅಲ್ಲಿ ಸುತ್ತಿಗೆಯ ಸದ್ದು. ಟಕ್. ಟಕ್. ಸ್ವಲ್ಪ ತಡೆದು, ಟಪ್.

ಆ ‘ಟಪ್’ ಕೇಳಿದಾಗಲೆಲ್ಲ ಅಮರೇಶಪ್ಪನಿಗೆ ಅನ್ನದಲ್ಲಿ ಕಲ್ಲು ಕಡಿದಂತಾಗುತ್ತಿತ್ತು. ತಗಡಿಗೆ ತಗಡು ಜೋಡಿಸುವ ರಿವೆಟ್ ಮೊಳೆಯ ತಲೆಯ ಮೇಲೆ ಸುತ್ತಿಗೆ ನೇರ ಬಿದ್ದರೆ ಟಕ್, ಜಾರಿದರೆ ಟಪ್. ಬಾಲಾನಗರದ ಕಾರ್ಖಾನೆಯಲ್ಲಿ ಅವನು ಇಪ್ಪತ್ತೆರಡು ವರ್ಷದಿಂದ ವಿಮಾನದ ತಗಡಿಗೆ ರಿವೆಟ್ ಹೊಡೆಯುವವನು. ಅವನ ಕೈಯಿಂದ ‘ಟಪ್’ ಬಂದದ್ದನ್ನು ಕೇಳಿದವರಿಲ್ಲ.

ಹಾಗೆಯೇ, ಭಾನುವಾರ ಅವನು ಸುತ್ತಿಗೆ ಮುಟ್ಟಿದ್ದನ್ನು ನೋಡಿದವರೂ ಇಲ್ಲ. ಅದು ಅವನ ನೇಮ. ಶೋಭಾಳ ಬಕೀಟಿನ ಹಿಡಿಕೆ ದೀಪಾವಳಿಯಿಂದ ಅಲ್ಲಾಡುತ್ತಿತ್ತು. ಮಾಘದಲ್ಲಿ ಕ್ವಾರ್ಟರ್ಸಿನ ಸಿಮೆಂಟ್ ತೊಟ್ಟಿ ಒಡೆದಾಗ ಹೆಂಗಸರೆಲ್ಲ ಬಾಗಿಲಿಗೆ ಬಂದು, ತಗಡಿನದೊಂದು ತೊಟ್ಟಿ ಮಾಡಿಕೊಡಿರೆಂದು ಕೇಳಿದ್ದರು. ಅಮರೇಶಪ್ಪ ಪೇಪರಿನಿಂದ ಕಣ್ಣೆತ್ತದೆ, “ನಾ ವಿಮಾನಕ್ಕ ರಿವೆಟ್ ಹೊಡಿಯಾಂವ್ರಿ, ತೊಟ್ಟಿಗಲ್ಲ” ಅಂದಿದ್ದ.

ಈಗ ಅವನ ಹೊಟ್ಟೆ ಉರಿಸುತ್ತಿದ್ದವರು ಪಕ್ಕದ ಮನೆಯ ಹನುಮಂತರಾಯರು. ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರು, ಕ್ವಾರ್ಟರ್ಸಿನ ಸಂಘಕ್ಕೆ ಕಾರ್ಯದರ್ಶಿ. ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕಾದರೂ ಮೊದಲು ಬೆರಳಿಗೆ ಪಟ್ಟಿ ಸುತ್ತಿಕೊಳ್ಳುವವರು. ಅಂಥವರು ಮೂರು ವಾರದ ಹಿಂದೆ ಗುಜರಿ ಅಂಗಡಿಯಿಂದ ಕೈಗಾಡಿಯ ಮೇಲೆ ಒಂದು ದೋಣಿ ತಂದಿಳಿಸಿದ್ದರು. ಯಾರೋ ಬೆಸ್ತರು ಬಳಸಿ ಎಸೆದ ಅಲ್ಯೂಮಿನಿಯಂ ದೋಣಿ, ಹನ್ನೆರಡು ಅಡಿ ಉದ್ದ. ಮೈಯೆಲ್ಲ ತಗ್ಗು ಬಿದ್ದು, ರೈಲಿನಡಿ ಸಿಕ್ಕ ಊಟದ ಡಬ್ಬಿಯಂತಿತ್ತು.

ಏಕಾದಶಿ ತಪ್ಪದ ರಾಯರ ಮನೆಗೆ ಮೀನಿನ ದೋಣಿ ಯಾಕೆ ಎಂದು ಯಾರಾದರೂ ಕೇಳಬಹುದಿತ್ತು. ಅಮರೇಶಪ್ಪ ಕೇಳಲಿಲ್ಲ. ಅವನ ಕೊರಳಲ್ಲಿ ಲಿಂಗವಿತ್ತು, ಅವನೂ ಮೀನನ್ನು ನೀರಿನಲ್ಲಿ ಮಾತ್ರ ನೋಡಿದವನು. ಆದರೆ ದೋಣಿ ಅನ್ನುವುದು ಮೀನಿಗಾಗಿ ಅಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನ ಊರು ಕೃಷ್ಣೆಯ ದಡದಲ್ಲಿ. ಚಿಕ್ಕಂದಿನಲ್ಲಿ ಹೊಳೆ ದಾಟುವಾಗ ಹರಿಗೋಲಿನಲ್ಲಿ ಯಾರದೋ ಆಡು ಅವನ ತೊಡೆಯ ಮೇಲೆ, ಯಾರದೋ ಗಂಟು ಅವನ ತಲೆಯ ಮೇಲೆ. ಒಂದು ದಿನ ತನ್ನದೇ ದೋಣಿಯಲ್ಲಿ ಕಾಲು ಚಾಚಿ ಕೂತಿರಬೇಕು, ಮುಂದೆ ತನ್ನ ಹೆಸರು ಬರೆದಿರಬೇಕು, ದಡದ ಜನ ನೋಡುತ್ತಿರಬೇಕು. ಈ ಆಸೆಯನ್ನು ಮದುವೆಯಾದ ಹೊಸದರಲ್ಲಿ ಶೋಭಾಳಿಗೆ ಹೇಳಿದ್ದ. ಮತ್ತೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಈಗ ಆ ಆಸೆ ಬೇರೆಯವರ ಹಿತ್ತಲಲ್ಲಿ ಬಿದ್ದುಕೊಂಡಿತ್ತು.

ಮೂರು ವಾರ ಅವನು ಬಕೀಟು ಬೋರಲು ಹಾಕಿ, ಅದರ ಮೇಲೆ ನಿಂತು ಗೋಡೆಯಾಚೆ ನೋಡಿದ್ದ. ರಾಯರು ದೋಣಿ ಕೂರಿಸಲು ಸಾಲಾಗಿ ಇಟ್ಟಿಗೆಯ ಕಟ್ಟೆ ಕಟ್ಟಿಸಿದರು. ಆ ಕಟ್ಟೆಯ ಮೇಲೆ ಆನೆ ನಿಲ್ಲಿಸಬಹುದಿತ್ತು. ರಾಯರ ಹೆಂಡತಿ ಗಿರಿಜಾಬಾಯಿ ದೋಣಿಯ ಒಳಗಿಳಿದು, ದೇವರ ಪಾತ್ರೆ ತೊಳೆದಂತೆ ಬೂದಿ ಹಚ್ಚಿ ತಿಕ್ಕಿದರು. ಬಿಸಿಲು ಬೀಳಬಾರದೆಂದು ಹಲಗೆಯ ಮುಚ್ಚಳ ಬಂತು. ಒಳಗೆ ಬಂದ ನೀರು ಬಸಿದು ಹೋಗಲು ಎಲ್ಲ ದೋಣಿಗೂ ಹಿಂದೊಂದು ತೂತಿರುತ್ತದೆ. ರಾಯರು ಆ ತೂತಿಗೆ ಹಿತ್ತಾಳೆಯ ಉಂಗುರ ಕೂಡಿಸಿ, ಲೇತಿನವನಿಂದ ಒಳಗೆ ತಿರುಪು ಕೊರೆಸಿ, ಸದ್ಯಕ್ಕೆ ಒಂದು ಬೂಚು ಜಡಿದರು. ಒಂದೊಂದನ್ನು ನೋಡಿದಾಗಲೂ ಅಮರೇಶಪ್ಪ, ‘ನನಗ ಇದು ಹೊಳೀಲಿಲ್ಲಲ್ಲ’ ಅಂದುಕೊಂಡು ಒಂದೊಂದು ರೊಟ್ಟಿ ಕಡಿಮೆ ತಿಂದಿದ್ದ.

ಟಪ್.

ಗೋಡೆಯ ಮೇಲೆ ರಾಯರ ತಲೆ ಕಾಣಿಸಿತು. “ಅಮರೇಶಪ್ಪನವರ, ಸ್ವಲ್ಪ ಬರ್ತೀರೇನು? ಇವತ್ತ ನಾಕು ಗಂಟೆಕ್ಕ ಟೆಂಪೋದಾಗ ಕೆರಿಗೆ ಒಯ್ಯೂದದ. ಒಳಗ ಕಬ್ಬಿಣದ ಗಟ್ಟಿ ಹಿಡೀಲಿಕ್ಕೆ ಒಬ್ಬರು ಬೇಕು. ಹೊಡಿಯೂದು ನಾನಽ ಹೊಡೀತೀನಿ.”

ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನವನು ಸುತ್ತಿಗೆಯಿಂದ ಹೊಡೆದರೆ ಒಳಗಿನವನು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಕಾರ್ಖಾನೆಯಲ್ಲಿ ಗಟ್ಟಿ ಹಿಡಿಯುವ ಕೆಲಸ ನಿನ್ನೆ ಸೇರಿದವನದು.

“ಇಷ್ಟು ದಿನ ಯಾರು ಹಿಡಿದಾರ್ರಿ?”

“ಯಾರೂ ಇಲ್ಲ. ಇಟ್ಟಿಗಿ ಆನಿಸಿದ್ದೆ.”

ಅಮರೇಶಪ್ಪ ಕಣ್ಣು ಮುಚ್ಚಿ ತೆರೆದ. ಬರುವುದಿಲ್ಲ ಅನ್ನಬಹುದಿತ್ತು. ಆದರೆ ಇಟ್ಟಿಗೆ ಆನಿಸಿ ಹೊಡೆದ ರಿವೆಟ್ಟು ಎಷ್ಟು ಕೆಟ್ಟದಾಗಿರಬಹುದೆಂದು ಕಣ್ಣಾರೆ ನೋಡುವ ಸುಖ ಯಾಕೆ ಬಿಡಬೇಕು? ಗಟ್ಟಿ ಹಿಡಿದರೆ ನೇಮವೇನೂ ಮುರಿಯುವುದಿಲ್ಲ. ಕೈ ಒರೆಸಿಕೊಂಡು ಹೊರಟ.

ದೋಣಿಯ ಒಳಗೆ ಮಲಗಿದರೆ ಹಂಚಿನ ಮೇಲೆ ಹಾಕಿದ ದೋಸೆಯ ಕಷ್ಟ ಏನೆಂದು ತಿಳಿಯುತ್ತಿತ್ತು. ಮೊದಲನೇ ಏಟಿಗೇ ರಾಯರ ಸುತ್ತಿಗೆ ಅಂಚಿಗೆ ಬಡಿದು, ಅಲ್ಲಿಂದ ಜಿಗಿದು ಅವನ ಹೆಬ್ಬೆರಳಿಗೆ ಬಿತ್ತು. “ಹತ್ತಿತೇನ್ರಿ?” ಅಂದರು ರಾಯರು. “ಇಲ್ರಿ” ಅಂದ ಅಮರೇಶಪ್ಪ, ಹಲ್ಲು ಕಚ್ಚಿ. ಎರಡನೇ ಏಟಿಗೆ ಬಣ್ಣದ ಡಬ್ಬಿ ಉರುಳಿ ಬನಿಯನ್ನು ಹಸಿರಾಯಿತು. ಆದರೂ ಅವನಿಗೆ ಒಳಗೊಳಗೇ ಖುಷಿ. ರಾಯರ ರಿವೆಟ್ಟುಗಳಲ್ಲಿ ಒಂದು ಹಪ್ಪಳದಂತೆ ಚಪ್ಪಟೆ, ಒಂದು ಕುಡಿದವನಂತೆ ವಾಲಿದ್ದು, ಇನ್ನೊಂದಕ್ಕೆ ತಲೆಯೇ ಇಲ್ಲ. ದೋಣಿ ಕೆರೆಗಿಳಿದ ಹತ್ತು ನಿಮಿಷಕ್ಕೆ ಮುಳುಗುವುದು ಖಂಡಿತ. ನಾಲ್ಕು ಗಂಟೆಗೆ ದಡದಲ್ಲಿ ನಿಂತು ನೋಡಿದರಾಯಿತು.

ಅಷ್ಟರಲ್ಲಿ ಮೇಲಿನ ಮನೆಯ ಮುದುಕಿ ಸುಂದರಾಬಾಯಿ ಇಳಿದು ಬಂದರು. ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಏನ್ ಛಂದ ಹೊಡದೀರಿ ರಾಯರ. ಇದರ ಮುಂದ ಫ್ಯಾಕ್ಟರಿಯವರನ್ನ ನಿವಾಳಿಸಿ ಒಗೀಬೇಕು” ಅಂದರು.

ಬೋರಲು ಬಕೀಟಿನ ಮೇಲೆ ಹತ್ತಿ, ಗೋಡೆಗೆ ಮೊಣಕೈ ಊರಿ ನಿಂತಿದ್ದ ಶೋಭಾ, “ಖರೇ ಅಂದ್ರಿ ಅಜ್ಜಿ. ನಮ್ಮವರು ಇಪ್ಪತ್ತೆರಡು ವರ್ಷ ಹೊಡದ್ರು, ನಮ್ಮನಿ ಬಕೀಟಿನ ಹಿಡಕಿ ಇನ್ನೂ ಅಲ್ಲಾಡಾಕತ್ತೈತಿ” ಅಂದಳು.

ಅಮರೇಶಪ್ಪ ದೋಣಿಯೊಳಗಿಂದ ಎದ್ದು ನಿಂತ. ಹಸಿರು ಬನಿಯನ್ನು, ಊದಿದ ಹೆಬ್ಬೆರಳು, ಕೆಂಡದಂಥ ಕಣ್ಣು.

“ನೀರು ಹಾಕ್ರಿ ಇದಕ್ಕ. ತುಂಬೂದು ಬ್ಯಾಡ, ಅಂಗೈ ಆಳ ಸಾಕು. ಇವರ ರಿವೆಟ್ಟು ಎಂಥಾವ ಅನ್ನೂದು ಎಲ್ಲಾರೂ ನೋಡ್ಲಿ.”

ಆ ಬೇಸಿಗೆಯಲ್ಲಿ ನಳ ದಿನ ಬಿಟ್ಟು ದಿನ, ಒಂದೇ ತಾಸು ಬರುತ್ತಿತ್ತು. ಅರ್ಧ ತಂಬಿಗೆ ನೀರಿಗೆ ಜಡೆ ಜಡೆ ಹಿಡಿಯುವ ಹೆಂಗಸರು, ದೋಣಿಗೆ ನೀರು ಅಂದರೆ ಅವನ ಮೇಲೆ ಬೀಳಬೇಕಿತ್ತು. ಯಾರೂ ತುಟಿ ಎರಡು ಮಾಡಲಿಲ್ಲ. ಗಿರಿಜಾಬಾಯಿ ತಾವಾಗಿ ಪೈಪು ತಂದು ಒಳಗೆ ಬಿಟ್ಟರು. ಸಿಟ್ಟಿನ ಭರದಲ್ಲಿ ಅಮರೇಶಪ್ಪನಿಗೆ ಇದು ವಿಚಿತ್ರ ಅನ್ನಿಸಲಿಲ್ಲ.

ನೀರು ಹರಡಿತು. ದೋಣಿ ಒಂದು ಕಡೆ ತೊಟ್ಟಿಕ್ಕಿತು, ಎರಡು ಕಡೆ ತೊಟ್ಟಿಕ್ಕಿತು, ಆಮೇಲೆ ಶ್ರಾವಣದ ಮಾಡಿನಂತೆ ಎಲ್ಲ ಕಡೆ ಶುರುವಾಯಿತು. ಅಮರೇಶಪ್ಪ ಸುಣ್ಣದ ಕಡ್ಡಿ ಹಿಡಿದು ಕಟ್ಟೆಯ ಸಂದಿಯಲ್ಲಿ ತೆವಳುತ್ತ, ಸೋರಿದಲ್ಲೆಲ್ಲ ಸೊನ್ನೆ ಸುತ್ತಿದ. ಮದುವೆಮನೆಯಲ್ಲಿ ರಂಗೋಲಿ ಹಾಕುವವರಿಗೂ ಅಷ್ಟು ಉತ್ಸಾಹ ಇರುವುದಿಲ್ಲ. “ಇಪ್ಪತ್ತಾರು” ಎಂದು ಕೆಳಗಿನಿಂದ ಕೂಗಿದ. “ಇಪ್ಪತ್ತಾರು ತೂತು ಅದಾವ್ರಿ, ಅಜ್ಜಿ. ಜರಡಿಗೆ ಇಷ್ಟಿರಂಗಿಲ್ಲ.”

ರಾಯರು ಇಟ್ಟಿಗೆಯ ಮೇಲೆ ಕೂತು ತಲೆಗೆ ಕೈ ಹಚ್ಚಿದರು. “ಹೋಗ್ಲಿ ಬಿಡ್ರಿ. ನಾಳೆ ಗುಜರಿಯವಗ ತಿರುಗಿ ಕೊಡ್ತೀನಿ. ಮುರದು ಹಾಕ್ತಾನ.”

“ಮುರದು?” ಅಮರೇಶಪ್ಪ ಕಟ್ಟೆಯ ಸಂದಿಯಿಂದ ಹೊರಗೆ ತೆವಳಿ ಬಂದ.

“ಇಲ್ಲಾಂದ್ರ ನೀವಽ ಇಟ್ಕೊಳ್ರಿ. ಸುಮ್ನ ಕೊಟ್ಟೆ ಅಂತ ತಿಳೀರಿ. ನಿಮ್ಮ ಕೈಯಾಗ ಉಳದ್ರ ಉಳೀತದ. ಮುಂದ ನಿಮ್ಮದಽ ಹೆಸರು ಬರೀರಿ.”

ಕೃಷ್ಣೆ, ದಡ, ದಡದ ತುಂಬ ಜನ, ಎಲ್ಲ ಅವನ ಕಣ್ಣ ಮುಂದೆ ಬಂತು. ಇನ್ನೂ ಬಾಯಿ ತೆರೆದಿರಲಿಲ್ಲ, ಅಷ್ಟರಲ್ಲಿ ಶೋಭಾ ಅಡ್ಡ ಬಂದಳು. “ಬ್ಯಾಡ್ರಿ ರಾಯರ. ಅವರು ಐತವಾರ ಸುತ್ತಿಗಿ ಮುಟ್ಟಂಗಿಲ್ಲ.”

“ನೀ ಸುಮ್ನಿರು” ಅಂದ ಅಮರೇಶಪ್ಪ. “ಸುತ್ತಿಗಿ ಎಲ್ಲೈತ್ರಿ?”

ಇಪ್ಪತ್ತೆರಡು ವರ್ಷದ ನೇಮ ಆ ಕ್ಷಣಕ್ಕೆ ಮುರಿಯಿತು. ನೀರು ಬಸಿದರು. ರಾಯರನ್ನು ಒಳಗೆ ಮಲಗಿಸಿ, ಕೈಗೆ ಗಟ್ಟಿ ಕೊಟ್ಟ. ಕೆಟ್ಟ ರಿವೆಟ್ಟುಗಳನ್ನು ಕೊರೆದು ತೆಗೆದ. ಒಂದು ಅಳತೆ ದೊಡ್ಡ ರಿವೆಟ್ಟು ಬೇಕು ಅಂದರೆ ರಾಯರ ಬಳಿ ಪೊಟ್ಟಣ ಸಿದ್ಧ. ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ ಬೇಕು ಅಂದರೆ ಕತ್ತರಿಸಿ ಇಟ್ಟದ್ದು ಸಿದ್ಧ. ‘ಎಷ್ಟಾದ್ರೂ ಸ್ಟೋರಿನ ಮನಷ್ಯಾ’ ಅಂದುಕೊಂಡ. ಟಕ್, ಟಕ್, ಟಕ್. ಸಾಲು ತಪ್ಪದ ಸದ್ದು. ಶೋಭಾ ತಂದಿಟ್ಟ ರೊಟ್ಟಿ, ಪುಂಡಿಪಲ್ಯ ಬಿಸಿಲಿಗೆ ಒಣಗಿತು. ಕ್ವಾರ್ಟರ್ಸಿನ ಜನ ಸುತ್ತ ನೆರೆದು ನೋಡುತ್ತಿದ್ದರು. ನೋಡುವವರಿದ್ದಾರೆಂದು ಅವನು ಪ್ರತಿ ಏಟಿಗೂ ಸುತ್ತಿಗೆಯನ್ನು ಒಂದು ಗೇಣು ಹೆಚ್ಚಿಗೆ ಎತ್ತಿದ. ಬನಿಯನ್ನು ಅಂಚಿಗೆ ಸಿಕ್ಕಿ ಪರ್ ಎಂದು ಹರಿಯಿತು. ಲಕ್ಷ್ಯ ಕೊಡಲಿಲ್ಲ.

ನಾಲ್ಕು ಗಂಟೆ ಕಳೆದು ಐದಾಯಿತು. ಕೊನೆಯ ರಿವೆಟ್ಟು ಕೂತಿತು. ಅಮರೇಶಪ್ಪ ಸುಣ್ಣದ ಕಡ್ಡಿಯಿಂದ ದೋಣಿಯ ಮೂತಿಯ ಮೇಲೆ ದಪ್ಪಗೆ ‘ಅಮರೇಶ’ ಎಂದು ಬರೆದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಮೂರು ವಾರದಿಂದ ಎದೆಯಲ್ಲಿ ಕೂತಿದ್ದ ಬೆಂಕಿ ಆರಿ, ಈಗ ಅಲ್ಲಿ ಗಾಳಿ ಆಡುತ್ತಿತ್ತು.

“ಟೆಂಪೋ ಯಾವಾಗ ಬರತೈತ್ರಿ ರಾಯರ?”

“ಬರ್ತದ ಬರ್ತದ. ಮೊದಲು ಸೋರ್ತದೋ ಇಲ್ಲೋ ನೋಡಬೇಕಲ್ಲ.”

“ನಾ ಹೊಡದದ್ದು ಸೋರತೈತೇನ್ರಿ?”

“ಅಂಗೈ ನೀರಿಗೆ ತಾಳಬಹುದು. ತುಂಬಿದ್ರ ತಾಳ್ತದೋ ಇಲ್ಲೋ, ಯಾರು ಹೇಳ್ಬೇಕು” ಅಂದರು ರಾಯರು, ಆಕಾಶ ನೋಡುತ್ತ.

ಅದೇ ಹೊತ್ತಿಗೆ ಗೇಟಿನಲ್ಲಿ ನೀರಿನ ಟ್ಯಾಂಕರಿನ ಹಾರನ್ನು ಕೇಳಿಸಿತು. ಬೇರೆ ಭಾನುವಾರ ಆ ಹಾರನ್ನಿಗೆ ಐವತ್ತು ಕೊಡ, ಐವತ್ತು ಬಕೀಟು ಯುದ್ಧಕ್ಕೆ ಹೊರಟಂತೆ ಓಡುತ್ತಿದ್ದವು. ಇವತ್ತು ಒಬ್ಬರೂ ಕದಲಲಿಲ್ಲ. ಓಡಿದವನು ಅಮರೇಶಪ್ಪ ಒಬ್ಬನೇ. ಟ್ಯಾಂಕರನ್ನು ತಾನೇ ಕೈ ಮಾಡಿ ಹಿತ್ತಲಿನ ತನಕ ಕರೆತಂದ.

“ಪೈಪ್ ಇಸ್ಮೇ ಡಾಲೋ ಭಾಯ್. ಪೂರಾ” ಅಂದ, ದೋಣಿಯ ಒಳಗೆ ಕೈ ತೋರಿಸುತ್ತ.

ಡ್ರೈವರು ದೋಣಿಯನ್ನೂ ಅವನ ಹಸಿರು ಹೊಟ್ಟೆಯನ್ನೂ ನೋಡಿದ. “ಲೋಗಾಂ ಪಾನೀ ಮೇ ಕಷ್ತೀ ಡಾಲ್ತೇ ಸಾಬ್. ತುಮೇ ಕಷ್ತೀ ಮೇ ಪಾನೀ ಡಾಲ್ರೈಂ.” ನೀರಿಗೆ ದೋಣಿ ಇಳಿಸುವವರನ್ನು ಅವನು ಕಂಡಿದ್ದ, ದೋಣಿಗೆ ನೀರು ಇಳಿಸುವವನನ್ನು ಇವತ್ತೇ ಕಂಡದ್ದು.

“ಡಾಲೋ ಬೋಲಾ ನಾ.”

ಟ್ಯಾಂಕರು ಖಾಲಿಯಾಗುವ ಹೊತ್ತಿಗೆ ದೋಣಿ ಅಂಚಿನ ತನಕ ತುಂಬಿತು. ಎಲ್ಲರೂ ಕಟ್ಟೆಯ ಸುತ್ತ ಕಾದು ನಿಂತರು. ಐದು ನಿಮಿಷ. ಹತ್ತು ನಿಮಿಷ. ಸುಂದರಾಬಾಯಿ ಕನ್ನಡಕ ಏರಿಸಿ, ಬಗ್ಗಿ, ಕಟ್ಟೆಯ ಸಂದಿಯಲ್ಲೆಲ್ಲ ಕೈಯಾಡಿಸಿ ಎದ್ದರು.

“ಒಂದು ಹನಿ ಇಲ್ಲ.”

ಚಪ್ಪಾಳೆ ಬಿತ್ತು. ಅಮರೇಶಪ್ಪ ಹರಿದ ಬನಿಯನ್ನನ್ನು ಎಳೆದು ಸರಿಮಾಡಿಕೊಂಡು, ಹಾರಕ್ಕೆ ಕೊರಳು ಕೊಡುವವನಂತೆ ನಿಂತ. ಆದರೆ ಜನ ನೋಡುತ್ತಿದ್ದದ್ದು ಅವನನ್ನಲ್ಲ. ಗಿರಿಜಾಬಾಯಿ ಸೆರಗಿನ ಗಂಟು ಬಿಚ್ಚಿ, ಹೊಸ ಹಿತ್ತಾಳೆಯ ನಳವೊಂದನ್ನು ರಾಯರ ಕೈಗೆ ಕೊಟ್ಟರು. ರಾಯರು ದೋಣಿಯ ಹಿಂದೆ ಹೋಗಿ ಬೂಚು ಕಿತ್ತರು. ನೀರು ಚಿಮ್ಮಿ ಅಮರೇಶಪ್ಪನ ಮೊಣಕಾಲು ತೋಯಿಸಿತು. ಮರುಕ್ಷಣ ನಳ ಆ ತಿರುಪಿನಲ್ಲಿ ಹೇಳಿ ಮಾಡಿಸಿದಂತೆ ಕೂತಿತು. ನಳದ ಕೆಳಗೆ ಒಂದು ಕೊಡ ಇಡುವಷ್ಟು ಎತ್ತರ, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ಗೋಡೆಯ ಮರೆಯಿಂದ ಕೊಡಗಳು ಹೊರಬಂದು ಸಾಲು ಹಚ್ಚಿದವು. ಎಲ್ಲಕ್ಕಿಂತ ಮುಂದಿದ್ದದ್ದು, ಬೆಳಿಗ್ಗೆ ಅವನೇ ತಿಕ್ಕಿದ ತಾಮ್ರದ ಕೊಡ.

“ಏನಿದು?” ಅಂದ ಅಮರೇಶಪ್ಪ.

“ತೊಟ್ಟಿ” ಅಂದರು ರಾಯರು. “ನೀವಽ ಅಂದಿದ್ರಲ್ಲ, ತೊಟ್ಟಿಗೆ ರಿವೆಟ್ ಹೊಡಿಯೂದಿಲ್ಲ ಅಂತ. ಅದಕ್ಕಽ ದೋಣಿ ತಂದೆ.”

ಅಮರೇಶಪ್ಪ ಹೆಂಡತಿಯ ಕಡೆ ತಿರುಗಿದ. ಶೋಭಾ ನಳ ತಿರುಗಿಸಿ, ಕೊಡದ ಮೇಲೆ ಕಣ್ಣಿಟ್ಟು, “ನಾನೇ ಹೇಳಿದ್ನಿ ರಾಯರಿಗೆ. ದೋಣಿ ಅಂದ್ರ ಎದ್ದು ಬರ್ತಾರ, ಅದೂ ಮಂದೀದು ಅಂದ್ರ ಓಡಿ ಬರ್ತಾರ ಅಂತ” ಅಂದಳು.

“ಮತ್ತ ದೋಣಿ ನನ್ನದು ಅಂದ್ರಿ?”

“ನಿಮ್ಮದಽ ರೀ” ಅಂದರು ರಾಯರು. “ಯಾರು ಇಲ್ಲ ಅಂತಾರ? ನೀರಷ್ಟ ಎಲ್ಲಾರದು. ಮುಂದ ಎಲ್ಲಿರೆ ಸೋರಿತು ಅಂದ್ರ ದುರಸ್ತೀನೂ ನಿಮ್ಮದಽ.”

ಸುಂದರಾಬಾಯಿ ಬಕೀಟು ಎತ್ತಿಕೊಂಡು, “ಏನಽ ಹೇಳ್ರಿ, ಇಂಥಾ ತೊಟ್ಟಿ ತರಬೇಕಂದ್ರ ರಾಯರಽ ಆಗಬೇಕು” ಅಂದರು. ಸಾಲಿನಲ್ಲಿದ್ದವರೆಲ್ಲ ಹೌದೌದೆಂದರು. ಆರಿತ್ತೆಂದುಕೊಂಡಿದ್ದ ಬೆಂಕಿ ಅಮರೇಶಪ್ಪನ ಎದೆಯಲ್ಲಿ ಮತ್ತೆ ಭಗ್ಗೆಂದಿತು. ಹೊಡೆದವನು ತಾನು, ಹೆಸರು ಮಾತ್ರ ತಂದವರಿಗೆ.

ಯಾರದೋ ಒದ್ದೆ ಕೈ ಮೂತಿಯ ಮೇಲೆ ಆನಿತ್ತು. ‘ಅಮರೇಶ’ದಲ್ಲಿ ‘ಅಮ’ ಮಾತ್ರ ಉಳಿದಿತ್ತು. ಅವನು ಅದರ ಪಕ್ಕದಲ್ಲಿ ಹೋಗಿ ನಿಂತು, ಊದಿದ ಹೆಬ್ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಸಾಲಿನ ಕಡೆ ನೋಡಿದ. ದನಿ ಮೆತ್ತಗಾಗಿತ್ತು.

“ಮಳಿಗಾಲ ಬಂದು ನಳ ದಿನಾ ಬರಾಕ ಹತ್ತಿದ ಮ್ಯಾಲ, ಒಂದೇ ಒಂದು ಐತವಾರ ಇದನ್ನ ಖಾಲಿ ಮಾಡಿ ಕೊಡ್ರಿ. ಕೆರಿಗೆ ಒಯ್ದು, ಒಂದು ತಾಸು ಕುಂತು ಬರ್ತೀನಿ.”

ತಾಮ್ರದ ಕೊಡ ತುಂಬಿತು. ಶೋಭಾ ಅದನ್ನು ಸೊಂಟಕ್ಕೇರಿಸಿ ನಡೆದಳು. ನಳದ ಕೆಳಗೆ ಇನ್ನೊಂದು ಕೊಡ ಬಂದು ಕೂತಿತು.